ತೂಫಾನ್ ರಾಣಿ ಎಷ್ಟರಿಂದ ಗೆದ್ದಿತು?

ಅಣವೀರಪ್ಪನಿಗೆ ಈ ಜಗತ್ತಿನ ಮೇಲಿದ್ದ ದೂರು ಒಂದೇ. ತನ್ನ ಹೆಂಡತಿ ಸುಂದ್ರವ್ವನಿಗೆ ಕತೆ ಕೇಳುವ ಸಂಸ್ಕಾರವಿಲ್ಲ ಎಂಬುದು. ಚೆಂಬೂರಿನ ಆ ಮೂರು ಮಾಳಿಗೆಯ ಬಿಲ್ಡಿಂಗಿನ ಗ್ಯಾಲರಿಯಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಹತ್ತಕ್ಕೆ ಅವನು ಗಂಟಲು ಸರಿಮಾಡಿಕೊಂಡರೆ ಸಾಕು, ಅಕ್ಕಪಕ್ಕದ ಖೋಲಿಯವರು ಚಾಪೆ, ಸ್ಟೂಲು ಎತ್ತಿಕೊಂಡು ಬಂದು ಸುತ್ತ ಕೂಡುತ್ತಿದ್ದರು. ಕಟ್ಟಿಕೊಂಡವಳು ಮಾತ್ರ ಸರಿಯಾಗಿ ಅದೇ ಹೊತ್ತಿಗೆ ಅಡುಗೆಮನೆ ಹೊಕ್ಕು ಡಬ್ಬಿ ಅಲ್ಲಾಡಿಸುತ್ತ ಕೂಡುತ್ತಿದ್ದಳು.

ವಾರದ ಆರು ದಿನ ಅವನು ಒಂದು ಕಾರಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುವ ಗುಮಾಸ್ತ. ಅಲ್ಲಿ ಅವನ ಮಾತನ್ನು ಕೇಳುವವರು ಯಾರೂ ಇರಲಿಲ್ಲ (ನಟ್ಟುಗಳ ಸಮೇತ). ಏಳನೆಯ ದಿನ ಮಾತ್ರ ಅವನು ಸಾಕ್ಷಾತ್ ಆಸ್ಥಾನ ಕಥಾಪ್ರವೀಣ. ಕತೆಯೂ ಒಂದೇ: ಮದುವೆಯಾದ ಹೊಸತರಲ್ಲಿ, ಅರವತ್ತೇಳನೆಯ ಇಸವಿಯ ಗಣಪತಿ ರಜೆಗೆ, ಅವನು ಹೆಂಡತಿಯನ್ನು ಕರೆದುಕೊಂಡು ಪುಣೆಗೆ ಹೋಗಿದ್ದು, ಅಲ್ಲಿ ಸೋನೆ ಮಳೆಯಲ್ಲಿ ರೇಸು ನೋಡಿದ್ದು, ಯಾರೂ ಕಣ್ಣೆತ್ತಿ ನೋಡದ ತೂಫಾನ್ ರಾಣಿ ಎಂಬ ಹೆಣ್ಣು ಕುದುರೆಯ ಮೇಲೆ ರಜೆಗೆಂದು ಕಟ್ಟಿಕೊಂಡು ಹೋದ ರೊಕ್ಕವನ್ನೆಲ್ಲ ಹಚ್ಚಿದ್ದು, ಮತ್ತು ಅದು ಗೆದ್ದದ್ದು.

ಎಷ್ಟರಿಂದ ಗೆದ್ದಿತು ಎನ್ನುವುದರಲ್ಲಿ ಮಾತ್ರ ಇತಿಹಾಸ ಸ್ವಲ್ಪ ಸಡಿಲವಾಗಿತ್ತು. ರೇಸಿನವರು ಗೆಲುವನ್ನು ಕುದುರೆಯ ಉದ್ದದಲ್ಲಿ ಅಳೆಯುತ್ತಾರೆ, ಅದಕ್ಕೆ ಲೆಂತ್ ಅನ್ನುತ್ತಾರೆ. ಮೊದಲ ವರ್ಷ ತೂಫಾನ್ ರಾಣಿ ಬರೀ ಮೂಗಿನಷ್ಟು ಅಂತರದಲ್ಲಿ ಗೆದ್ದಿತ್ತು. ಎರಡನೆಯ ವರ್ಷ ಕುತ್ತಿಗೆಯಷ್ಟು. ಎಪ್ಪತ್ತನಾಲ್ಕರ ಹೊತ್ತಿಗೆ ಒಂದೊಂದು ರವಿವಾರ ನಾಲ್ಕು ಲೆಂತ್, ಒಂದೊಂದು ರವಿವಾರ ಏಳು, ಅವತ್ತಿನ ನಾಷ್ಟಾ ಹೊಟ್ಟೆಯಲ್ಲಿ ಎಷ್ಟು ಸುಖವಾಗಿ ಕೂತಿದೆ ಅನ್ನುವುದರ ಮೇಲೆ ಹೋಗುತ್ತಿತ್ತು.

"ಕಡೀ ತಿರುವಿನ್ಯಾಗ ನಮ್ಮ ತೂಫಾನ್ ರಾಣಿ ಹೆಂಗ ಬಂತಂತೀರಿ! ಎಷ್ಟರಿಂದ ಗೆದ್ದಿತ್ರೀ ಅಂದ್ರ..."

ಇಲ್ಲಿಗೆ ಬಂದಾಗ ಗ್ಯಾಲರಿ ಉಸಿರು ಬಿಗಿಹಿಡಿಯುತ್ತಿತ್ತು. ಅವನು ಬೇಕೆಂದೇ ನಿಲ್ಲಿಸಿ, ಎಲ್ಲರ ಮುಖ ನೋಡಿ, "ಆರು ಲೆಂತ್!" ಅನ್ನುತ್ತಿದ್ದ. ಒಬ್ಬರಿಬ್ಬರು ಚಪ್ಪಾಳೆ ತಟ್ಟಿ ಕುಣಿದಾಡುತ್ತಿದ್ದರು, ಉಳಿದವರು ಹಣೆ ಒತ್ತಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಏಳು ವರ್ಷದ ಹಳೆಯ ರೇಸಿಗೆ ಜನ ಹೀಗೆ ನಗುವುದು, ನರಳುವುದು ಎಂದರೆ ಅದು ತನ್ನ ನಾಲಗೆಯ ಮಹಿಮೆಯಲ್ಲದೆ ಮತ್ತೇನು? ಅಣವೀರಪ್ಪನಿಗೆ ಆ ವಿಷಯದಲ್ಲಿ ಸಂಶಯ ಎಂಬುದೇ ಇರಲಿಲ್ಲ.

ಅಭಿಮಾನಿಗಳ ಪ್ರೀತಿಯೂ ಅಷ್ಟಿಷ್ಟಲ್ಲ. ಎದುರು ಖೋಲಿಯ ದೂಜ, ಬಾಂದ್ರಾದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಮಂಗಳೂರಿನವನು, ಕತೆಗೆ ಮುಂಚೆ ಒಂದು ಒಳ್ಳೆಯ ಸಿಗರೇಟು ಕೈಗಿಟ್ಟು, "ಅಣ್ಣ, ಹೋದ ವಾರ ನಾಲ್ಕು ಲೆಂತ್ ಹೇಳಿದ್ರಲ್ಲ, ಎಷ್ಟು ಚಂದ ಇತ್ತು ಮಾರಾಯ್ರೆ! ಇವತ್ತೂ ಅದನ್ನೇ ಹೇಳಿ," ಎಂದು ಕಿವಿಯಲ್ಲಿ ಉಸುರುತ್ತಿದ್ದ. ಪಕ್ಕದ ವಸಂತಿ ಬಿಸಿಬಿಸಿ ಗೋಳಿಬಜೆ ತಂದಿಟ್ಟು, "ಏಳು ಹೇಳಿ ಅಣ್ಣ. ನಮ್ಮವರು ಹುಟ್ಟಿದ್ದು ಏಳನೇ ತಾರೀಕಿಗೆ, ಒಳ್ಳೆ ನಂಬರು ಅದು," ಎನ್ನುತ್ತಿದ್ದಳು. ಅಣವೀರಪ್ಪ ಸಿಗರೇಟನ್ನೂ ಸೇದಿ, ಗೋಳಿಬಜೆಯನ್ನೂ ತಿಂದು, ಐದು ಎನ್ನುತ್ತಿದ್ದ. ಕಲಾವಿದನಾದವನು ಯಾರ ಹಂಗಿಗೂ ಬೀಳಬಾರದು ಎಂಬುದು ಅವನ ತತ್ವವಾಗಿತ್ತು.

ಹೀಗೆ ಎಲ್ಲವೂ ಸುಖವಾಗಿ ನಡೆದಿರುವಾಗ ಸಂಕ್ರಾಂತಿ ಮುಗಿಸಿಕೊಂಡು ವಿಜಾಪುರದ ಕಡೆಯಿಂದ ಮಾವ ಶೆಟ್ಟೆಪ್ಪ ಬಂದಿಳಿದ. ದನದ ಸಂತೆಯಲ್ಲಿ ಎತ್ತಿನ ಹಲ್ಲು, ಗೊರಸು, ಮೈಮೇಲಿನ ಸುಳಿ ನೋಡಿ ಬೆಲೆ ಕಟ್ಟುವುದರಲ್ಲಿ ಹತ್ತು ಹಳ್ಳಿಗೆ ಹೆಸರಾದ ಮುದುಕ. ಬಂದವನು ಕೈಕಾಲು ತೊಳೆದು ಎರಡು ಖೋಲಿಯ ಆ ಮನೆಯನ್ನು ಹೊಸ ಎತ್ತನ್ನು ನೋಡಿದಂತೆಯೇ ಸುತ್ತ ತಿರುಗಿ ನೋಡಿದ. ಕಪಾಟು ತಟ್ಟಿದ, ಮಂಚದ ಕಾಲು ಅಲ್ಲಾಡಿಸಿದ, ಮಗಳ ಕೊರಳು ನೋಡಿದ. ಶನಿವಾರ ಸಂಜೆ ಚಹಾ ಕುಡಿಯುತ್ತ, ಮಡಿಲಲ್ಲಿಟ್ಟುಕೊಂಡ ಅರಿವೆಯ ಗಂಟಿನ ಮೇಲೆ ಕೈಯಾಡಿಸಿ ಬಾಯಿಬಿಟ್ಟ.

"ಅಳಿಯಂದ್ರ, ನಮ್ಮ ಬಿಳಿ ಎತ್ತು ಮಾರೀನ್ರಿ."

"ಯಾಕ್ರಿ ಮಾವಾರ? ಬೇಶಿತ್ತಲ್ಲರಿ ಎತ್ತು!"

"ಬೇಶಿತ್ತು, ಅದಕ್ಕ ರೊಕ್ಕಾನೂ ಬೇಶ್ ಬಂತು. ನೀವು ಊರಿಗೆ ಬಂದಾಗೆಲ್ಲಾ ಹೇಳತಿದ್ರಲ್ಲ, ಆ ತೂಫಾನ್ ರಾಣಿ ಕತಿ, ಅದು ತಲ್ಯಾಗ ಕುಂತುಬಿಟ್ಟೈತಿ. ನಾಳೆ ಐತವಾರ. ಮಧ್ಯಾಹ್ನ ಮಹಾಲಕ್ಷ್ಮಿ ರೇಸಿಗೆ ಹೋಗೂಣು. ನೀವು ತೋರ್ಸಿದ ಕುದರಿ ಮ್ಯಾಲ ಎತ್ತಿನ ರೊಕ್ಕ ಎಲ್ಲಾ ಹಚ್ಚಿಬಿಡತೀನಿ."

ಅಣವೀರಪ್ಪನ ಬಾಯಲ್ಲಿದ್ದ ಚಹಾ ಬಾಯಲ್ಲೇ ಉಳಿಯಿತು. "ಮಾವಾರ, ಕುದರಿ ಅಂದ್ರ ಎತ್ತಿನಂಗಲ್ರಿ. ಅದು ಎಲ್ಲಾ ನಸೀಬದ ಆಟ..."

"ನಸೀಬ ಅಲ್ರಿ, ಕಣ್ಣು ಬೇಕ್ರಿ ಅದಕ್ಕ. ಹದಿನೆಂಟು ಕುದರ್‍ಯಾಗ ಯಾರೂ ನೋಡಲಾರದ್ದನ್ನ ಆರಿಸಿದವ್ರು ನೀವು. ನಿಮ್ಮ ಕಣ್ಣಿನ ಮ್ಯಾಲ ನಂಗ ಭರೋಸಾ ಐತಿ."

ಏಳು ವರ್ಷ ತಾನೇ ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿಕೊಂಡ ಕೀರ್ತಿ ಈಗ ಬಾಗಿಲಿಗೆ ಅಡ್ಡ ಕೂತಿತು. ಅವನು ಮೆಲ್ಲಗೆ ಅಡುಗೆಮನೆಗೆ ಜಾರಿ ಹೆಂಡತಿಯ ಮುಂದೆ ನಿಂತ.

"ಸುಂದ್ರಾ, ನಿಮ್ಮಪ್ಪಗ ನೀ ಒಂದೀಟು ತಿಳಿಸಿ ಹೇಳ."

"ಏನಂತ ಹೇಳ್ಲಿ?" ಸುಂದ್ರವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಅವತ್ತು ನಿನ್ನ ಅಳಿಯ ಸೋತಿದ್ದಾ, ರಜಾದಾಗ ತಿನ್ನಾಕ ರೊಕ್ಕ ಇಲ್ಲದಂಗ ಮಾಡಿದ್ದಾ ಅಂತ ಹೇಳ್ಲೇನು?"

"ಏ ಏ, ಸಾವಕಾಶ! ಅಷ್ಟು ದೂರ ಯಾಕ ಹೋಗತಿ? ರೇಸು ಚಲೋ ಅಲ್ಲ ಅಂತಷ್ಟ ಹೇಳ."

"ಚಲೋ ಅಲ್ಲ ಅಂದ್ರ, ನಿನ್ನ ಗಂಡ ಹೆಂಗ ಗೆದ್ದಾ ಅಂತ ಕೇಳತಾನ. ಕತಿ ನಿಮ್ದು. ನೀವ ಹೇಳಿದ್ದು, ನೀವ ಬಿಡಿಸ್ಕೋರಿ."

ಇದ್ದ ವಿಷಯವೇ ಅದು. ತೂಫಾನ್ ರಾಣಿ ಗೆದ್ದಿರಲಿಲ್ಲ. ಸುಂದ್ರವ್ವನಿಗೆ ಅದು ಮೊದಲ ದಿನದಿಂದ ಗೊತ್ತು. ಏಳು ವರ್ಷದಲ್ಲಿ ಒಂದು ಸಲವೂ ಅವಳು ಅದನ್ನು ಯಾರ ಮುಂದೆಯೂ ಆಡಿರಲಿಲ್ಲ ಎಂಬುದು ಅಣವೀರಪ್ಪನಿಗೆ ಆ ಸಂಜೆಯೇ ಮೊದಲ ಸಲ ಹೊಳೆಯಿತು. ಹೊಳೆದು ನಾಚಿಕೆಯೂ ಆಯಿತು.

ಮರುದಿನ ಹತ್ತು ಗಂಟೆಗೆ ಗ್ಯಾಲರಿ ಎಂದಿಗಿಂತ ಹೆಚ್ಚು ತುಂಬಿತು. ಜನ ಒಬ್ಬೊಬ್ಬರೇ ಅಡುಗೆಮನೆಯ ಬಾಗಿಲಿಗೆ ಹೋಗಿ ಬಂದು ಕೂತರು (ನೀರು ಕುಡಿಯಲು ಇರಬೇಕು ಎಂದುಕೊಂಡ ಅಣವೀರಪ್ಪ). ಮಾವನೂ ಹೋಗಿ ಬಂದು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಕೂತ. ದೂಜ ಸಿಗರೇಟು ಕೊಟ್ಟ. ವಸಂತಿ ಗೋಳಿಬಜೆ ತಂದಳು. ಅಣವೀರಪ್ಪನಿಗೆ ಅವತ್ತು ಎರಡೂ ರುಚಿಸಲಿಲ್ಲ.

ಆದರೂ ಶುರು ಮಾಡಿದ. ಮಳೆ ಬಂತು, ಕುದುರೆಗಳು ಸಾಲಾಗಿ ನಿಂತವು, ಬಾವುಟ ಬಿತ್ತು. ಹೇಳುತ್ತ ಹೇಳುತ್ತ ಅವನ ಕಣ್ಣು ಆ ಗಂಟನ್ನು ಬಿಟ್ಟು ಕದಲಲಿಲ್ಲ. ಅದರೊಳಗೆ ಬಿಳಿ ಎತ್ತು ನಿಂತು ಬಾಲ ಬೀಸುತ್ತಿರುವಂತೆ ಅನ್ನಿಸಿತು. ನಾಲ್ಕು ಲೆಂತ್ ಎಂದರೂ ಎತ್ತು ಹೋಯಿತು, ಏಳು ಎಂದರೂ ಹೋಯಿತು. ಮುದುಕನ ಎತ್ತನ್ನು ಮುಳುಗಿಸಿ ತಾನು ಯಾವ ಮುಖ ಹೊತ್ತುಕೊಂಡು ತಿರುಗಬೇಕು?

"ಎಷ್ಟರಿಂದ ಗೆದ್ದಿತ್ರೀ ಅಂದ್ರ..." ಎಂದು ನಿಲ್ಲಿಸಿದ. ಗ್ಯಾಲರಿ ಉಸಿರು ಬಿಗಿಹಿಡಿಯಿತು. ಅಣವೀರಪ್ಪ ಕಣ್ಣು ಮುಚ್ಚಿಕೊಂಡ.

"ಗೆಲ್ಲಲಿಲ್ರಿ. ಸೋತಿತು. ಎಲ್ಲಾ ಕುದರಿ ಬಂದ ಮ್ಯಾಲ ಕಡೀಕ ಬಂತು."

ಒಮ್ಮೆ ಕಟ್ಟೆ ಒಡೆದ ಮೇಲೆ ಅವನು ನಿಲ್ಲಿಸಲಿಲ್ಲ. "ಲಾಡ್ಜಿನವ ಹೊರಗ ಹಾಕಿದಾ. ಮೂರು ದಿನ ಧರ್ಮಶಾಲಾದಾಗ ಇದ್ವಿ. ಚುರಮರಿ ತಿಂದು ಇದ್ವಿ. ಹೊಸಾ ಹೆಣತಿ, ಒಂದು ಮಾತು ಅನಲಿಲ್ಲ ಅಕಿ. 'ನಂಗ ಚುರಮರಿ ಅಂದ್ರ ಭಾಳ ಸೇರತೈತಿ ಬಿಡ್ರಿ' ಅಂದ್ಳು. ಮಾವಾರ, ಕೈಮುಗಿತೀನಿ, ಆ ರೊಕ್ಕ ಹಂಗ ತಗೊಂಡು ಹೋಗಿ ಎತ್ತು ತಿರುಗಿ ಕಟ್ಟಿಕೋರಿ."

ಹೇಳಿ ಮುಗಿಸಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಸತ್ಯ ಹೇಳಿದವನ ಎದೆ ಹಗುರಾಗುತ್ತದೆ ಎಂದು ಅವನು ಕೇಳಿದ್ದ, ಅದು ಹಗುರಾಗುತ್ತಲೂ ಇತ್ತು. ಈಗ ಯಾರಾದರೂ ಎದ್ದು ತನ್ನ ಹೆಗಲ ಮೇಲೆ ಕೈಯಿಡುತ್ತಾರೆಂದು ಕಾದ.

"ಅಯ್ಯೋ ದೇವ್ರೇ, ಹೋಯ್ತು ನನ್ನ ನಾಲ್ಕಾಣೆ!" ಎಂದು ದೂಜ ಹಣೆ ಚಚ್ಚಿಕೊಂಡ.

"ಎಂತ ಮಾಡಿದ್ರಿ ಅಣ್ಣ ನೀವು!" ವಸಂತಿ ಗೋಳಿಬಜೆಯ ತಟ್ಟೆಯನ್ನು ಸರಕ್ಕನೆ ತನ್ನ ಕಡೆ ಎಳೆದುಕೊಂಡಳು. "ಏಳು ಅನ್ನಿ ಅಂತ ಎಷ್ಟು ಸರ್ತಿ ಹೇಳಿದ್ದೇನೆ!"

ಅಷ್ಟರಲ್ಲಿ ಸುಂದ್ರವ್ವ ಒಳಗಿಂದ ಹಿಟ್ಟಿನ ಡಬ್ಬಿ ಹಿಡಿದು ಬಂದಳು. ಗಂಡನ ಮುಖವನ್ನು ಒಂದು ಕ್ಷಣ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಡಬ್ಬಿಯಲ್ಲಿದ್ದ ಚಿಲ್ಲರೆಯನ್ನೆಲ್ಲ ಅಪ್ಪನ ಧೋತರದ ಮಡಿಲಿಗೆ ಝಣ್ಣನೆ ಸುರಿದಳು. "ತಗೋ ಯಪ್ಪಾ. ಸೋತಿತು ಅಂತ ಹಚ್ಚಿದಾಂವ ನೀ ಒಬ್ಬನ."

ಅಣವೀರಪ್ಪ ಎಲ್ಲರ ಮುಖ ನೋಡಿದ. "ಏನಿದು? ಇಲ್ಲಿ ಏನು ನಡದೈತಿ?"

"ರೇಸು," ಅಂದ ದೂಜ, ಬೇಸರದಿಂದ. "ಪ್ರತಿ ರವಿವಾರ ಇರ್ತದಲ್ಲ ಅಣ್ಣ. ತಲೆಗೆ ನಾಲ್ಕಾಣೆ. ಎಷ್ಟು ಲೆಂತ್ ಅಂತ ಯಾರು ಸರಿ ಹೇಳ್ತಾರೋ ಅವರಿಗೆ ಎಲ್ಲಾ. ಅಕ್ಕನದ್ದೇ ಕೌಂಟರು."

"ಹೆಚ್ಚಿಗೇನು ಇಟ್ಟುಕೊಂಡಿಲ್ರಿ," ಎಂದಳು ಸುಂದ್ರವ್ವ. "ಇಷ್ಟು ಮಂದಿಗೆ ಪ್ರತಿ ಐತವಾರ ಚಹಾ ಎಲ್ಲಿಂದ ಬರತಿತ್ತು ಅನಕೊಂಡಿದ್ರಿ?"

"ರೇಸು ಅಂತೀರಿ," ಅಣವೀರಪ್ಪನ ದನಿ ಕೀರಲಾಯಿತು, "ಕುದರಿ ಎಲ್ಲೈತಿ?"

ಎಲ್ಲರೂ ಅವನನ್ನೇ ನೋಡಿದರು.

ಶೆಟ್ಟೆಪ್ಪ ನಿಧಾನವಾಗಿ ಎದ್ದು, ಬಂದು, ಅಳಿಯನ ಬೆನ್ನನ್ನು ಮೇಲಿಂದ ಕೆಳಗೆ ಎರಡು ಸಲ ಸವರಿದ. ಆಮೇಲೆ ಅರಿವೆಯ ಗಂಟು ಬಿಚ್ಚಿದ. ಒಳಗಿದ್ದದ್ದು ಶೇಂಗಾ ಚಟ್ನಿಪುಡಿ.

"ಯಪ್ಪಾ!" ಸುಂದ್ರವ್ವ ಕೂಗಿದಳು. "ಎತ್ತು ಮಾರಿದ್ದು ಸುಳ್ಳೇನು? ನಾನೂ ಖರೇ ಅಂತ ತಿಳದು ರಾತ್ರೆಲ್ಲಾ ನಿದ್ದಿ ಮಾಡಿಲ್ಲ!"

"ಎತ್ತು ಯಾಕ ಮಾರಲಿ? ಮನ್ಯಾಗ ಮೇಯಕತ್ತೈತಿ." ಮುದುಕ ಚಿಲ್ಲರೆಯನ್ನು ಕಿಸೆಗೆ ತುಂಬಿಕೊಂಡ. "ಬಂದ ದಿವಸನ ಮನಿ ಎಲ್ಲಾ ನೋಡಿದೆ. ಅಷ್ಟು ರೊಕ್ಕ ಗೆದ್ದಿದ್ರ ಅದರದೊಂದು ಹಿತ್ತಾಳಿ ಪಾತೇಲಿ ಆದ್ರೂ ಇರಬೇಕಿತ್ತಲ್ಲ? ಕುದರಿ ಸೋತೈತಿ ಅಂತ ತಿಳೀತು. ಅದನ್ನ ಬಾಯಿಲೆ ಹೇಳಸೂದು ಹೆಂಗ? ಒಂದೀಟು ಲಗಾಮು ಜಗ್ಗಬೇಕಾತು, ಅಷ್ಟ."

ಅಣವೀರಪ್ಪ ಎರಡು ರವಿವಾರ ಮುಖ ಊದಿಸಿಕೊಂಡು ಒಳಗೇ ಕೂತ. ಏಳು ವರ್ಷ ಜನ ತನ್ನ ಕಲೆಗೆ ಬರುತ್ತಿದ್ದಾರೆಂದು ನಂಬಿದ್ದು ಸುಳ್ಳಾದದ್ದಕ್ಕೆ ನಿಜವಾಗಿ ನೊಂದಿದ್ದ. "ಎಲ್ಲಾ ಗೊತ್ತಿದ್ದೂ ಯಾಕ ಹೇಳಲಿಲ್ಲ ನೀ?" ಎಂದು ಹೆಂಡತಿಯನ್ನು ಕೇಳಿದ. "ಹೇಳಿದ್ರ ನೀವು ಕತಿ ಹೇಳೂದು ಬಿಡತಿದ್ರಿ," ಎಂದಳು ಅವಳು. "ಕತಿ ಹೇಳಾಗ ನಿಮ್ಮ ಮಾರಿ ಭಾಳ ಚಂದ ಕಾಣತೈತಿ." ಆ ಒಂದು ಮಾತಿಗೆ ಅವನ ಅರ್ಧ ಸಿಟ್ಟು ಇಳಿಯಿತು.

ಉಳಿದರ್ಧ ಮೂರನೆಯ ರವಿವಾರ ಇಳಿಯಿತು. ಹತ್ತು ಗಂಟೆಗೆ ಅವನು ಗ್ಯಾಲರಿಗೆ ಬಂದು ಗಂಟಲು ಸರಿಮಾಡಿಕೊಂಡ. ಸೋಲು ಅಂದರೆ ಎಂಥ ಸೋಲು ಅದು! ಅಂಥ ಭವ್ಯವಾದ ಸೋಲನ್ನು ಪುಣೆ ಅದಕ್ಕಿಂತ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಉಳಿದ ಕುದುರೆಗಳು ಗೆರೆ ದಾಟಿ, ಮೈ ಒರೆಸಿಕೊಂಡು, ಹುಲ್ಲು ಮೇಯುತ್ತಿದ್ದಾಗ ತೂಫಾನ್ ರಾಣಿ ಇನ್ನೂ ತಿರುವಿನಲ್ಲಿತ್ತು. ಚಾಪೆ, ಸ್ಟೂಲುಗಳು ಮೆಲ್ಲಮೆಲ್ಲಗೆ ಹತ್ತಿರ ಸರಿದವು. ದೂಜ ಮೊದಲು ಎದ್ದು ಅಡುಗೆಮನೆಯ ಕಡೆ ಓಡಿದ, ಹಿಂದೆಯೇ ವಸಂತಿ.

ಅಣವೀರಪ್ಪ ಕತೆಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದ. ನೀರು ಕುಡಿದು ಬರುತ್ತೇನೆಂದು ಒಳಗೆ ಹೋಗಿ, ಕಿಸೆಯಿಂದ ನಾಲ್ಕಾಣೆ ತೆಗೆದು ಹೆಂಡತಿಯ ಮುಂದೆ ಹಿಡಿದ.

"ಹನ್ನೆರಡು ಲೆಂತ್ ಹಿಂದ," ಎಂದ ಪಿಸುಮಾತಿನಲ್ಲಿ. "ನನ್ನ ಹೆಸರಿಲೆ ಹಚ್ಚ."

ಸುಂದ್ರವ್ವ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿದಳು.

"ಹೊರಗ ಹೋಗಿ ಓಡ್ರಿ," ಎಂದಳು. "ಕುದರಿ ರೊಕ್ಕ ನಾವು ತಗೊಳ್ಳಂಗಿಲ್ಲ."