ಭೀಮಶಿಯ ಬುತ್ತಿ ಬಹಿಷ್ಕಾರ

"ಈ ಸಲ ಬುತ್ತಿ ಇಲ್ಲ!"

ಭೀಮಶಿ ಹೀಗೆ ಘೋಷಿಸಿದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಒಂದು ಕ್ಷಣ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯಿತು.

ಘೋಷಣೆ ಸಣ್ಣದೇನಲ್ಲ. ಮಮದಾಪುರದ ಅವನ ಮನೆತನದಲ್ಲಿ ಬುತ್ತಿ ಕಟ್ಟಿಕೊಳ್ಳದೆ ಊರ ಅಗಸಿ ದಾಟಿದವರೇ ಇಲ್ಲ. ಅವನ ಅಜ್ಜ ಹಲ್ಲು ಕೀಳಿಸಿಕೊಳ್ಳಲು ಗೋಕಾಕಕ್ಕೆ ಹೋದಾಗಲೂ ಎಂಟು ರೊಟ್ಟಿ ಒಯ್ದಿದ್ದ. ಹಲ್ಲುಗಳನ್ನು ಅಲ್ಲಿ ಬಿಟ್ಟು ರೊಟ್ಟಿಗಳನ್ನು ಸುರಕ್ಷಿತವಾಗಿ ವಾಪಸು ತಂದಿದ್ದ.

ಭೀಮಶಿ ಮಾತ್ರ ಕಾಲದ ಜೊತೆ ನಡೆಯುವ ಮನುಷ್ಯ. ಕೆಟ್ಟ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ ಅವನದು. ಹತ್ತರಗಿ ದಾಟಿದ ಮೇಲೆ ಹೈವೇ ಪಕ್ಕದ ಬಯಲಿನಲ್ಲಿ ದಿನವಿಡೀ ಸಂಗೀತೋತ್ಸವ ಎಂದು ಸುದ್ದಿ ಬಂದ ದಿನವೇ ಅವನು ತನಗೂ ಇಬ್ಬರು ಗೆಳೆಯರಿಗೂ ಎಂದು ಮೂರು ಟಿಕೆಟು ತೆಗೆಸಿದ್ದ. ಸಂಜೆ ಆರಕ್ಕೆ ಹಲಗಿ ರಾವಸಾಹೇಬರ ಕಾರ್ಯಕ್ರಮ! ಆರು ವರ್ಷಗಳಿಂದ ಭೀಮಶಿಯ ಮೊಬೈಲಿನಲ್ಲಿ ರಿಂಗಾಗುತ್ತಿದ್ದದ್ದು ರಾವಸಾಹೇಬರ ಹಲಗಿ ವಾದ್ಯದ ಬಡಿತವೇ. ಗಿರಾಕಿಗಳ ಫೋನು ಬಂದರೆ ಎತ್ತದೆ ಕೊನೆಯವರೆಗೆ ಕೇಳುತ್ತಿದ್ದ. ಇದರಿಂದ ಕಲೆಗೆ ಲಾಭವಾಗಿತ್ತು, ಅಂಗಡಿಗೆ ಅಷ್ಟಾಗಿ ಆಗಿರಲಿಲ್ಲ. ಆ ಹಲಗಿಯನ್ನು ಒಮ್ಮೆ ಎದುರು ಕೂತು ಕೇಳಬೇಕು, ಇಷ್ಟೇ ಅವನ ಆಸೆ.

"ಅಲ್ಲಿಗೆ ಬರೂ ಮಂದಿ ಕೈಗೆ ಟಿಕೆಟಿನ ಪಟ್ಟಿ ಕಟ್ಕೊಂಡು, ಕಾಗದದ ತಾಟಿನ್ಯಾಗ ನಿಂತ ತಿಂತಾರ," ಎಂದು ಹೆಂಡತಿ ದಾಕ್ಷಾಯಿಣಿಗೆ ವಿವರಿಸಿದ. "ನಾವೂ ಹಂಗ ಕೈ ಬೀಸ್ಕೊಂತ ಹೋಗಿ, ಕೈ ಬೀಸ್ಕೊಂತ ಬರಾವ್ರು. ರೊಟ್ಟಿ ಗಂಟು ಹೊತ್ಕೊಂಡ್ರ ನಮ್ಮ ಮರ್ಯಾದಿ ಏನ್ ಉಳೀತು?"

"ಆತ್ರಿ," ಎಂದಳು ದಾಕ್ಷಾಯಿಣಿ.

ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡಸು ಅಷ್ಟು ಚಿಕ್ಕ ಉತ್ತರಕ್ಕೆ ಹೆದರಬೇಕಿತ್ತು. ಅವನು ಹೆದರಲಿಲ್ಲ.

ಮೂಡಲಗಿಯಿಂದ ಗೆಳೆಯ ಮಾಲಿಂಗ ಕಾರು ತಂದ. ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಗೆಳೆಯ ಕೇದಾರಿ ಕೂತಿದ್ದ. ಗೋಕಾಕ ದಾಟಿದ ಮೇಲೆ ನೀರಿನ ಬಾಟಲಿಗಾಗಿ ಡಿಕ್ಕಿ ತೆರೆದರೆ, ಹಳೆಯ ಕೌದಿಯ ಕೆಳಗೆ ಮೂರಂತಸ್ತಿನ ಸ್ಟೀಲಿನ ಡಬ್ಬಿ! ಮುಚ್ಚಳದ ಮೇಲೆ 'ದಾಕ್ಷಾಯಿಣಿ, ಮಮದಾಪುರ' ಎಂದು ಕೊರೆದಿತ್ತು. ಗಂಡನ ಮನೆಯ ಪಾತ್ರೆಗಳ ಜೊತೆ ಬೆರೆತು ಹೋಗದಿರಲೆಂದು ಮದುವೆಯಲ್ಲಿ ತಾಯಿ ಅವಳ ಹೆಸರು ಹಾಕಿಸಿ ಕೊಟ್ಟದ್ದು ಅದು.

"ಇರ್ಲಿ ಬಿಡಲೇ, ಒಂದ ಡಬ್ಬಿ," ಎಂದ ಮಾಲಿಂಗ.

ಒಂದು ಡಬ್ಬಿಗೆ ಮುಗಿಯಲಿಲ್ಲ. ಯಮಕನಮರಡಿಯ ಬಸ್ ನಿಲ್ದಾಣದ ಮುಂದೆ ಭೀಮಶಿಯ ಅಕ್ಕ ಕಾಶೆವ್ವ ನಡುರಸ್ತೆಗೆ ಬಂದು, ಲಾರಿ ತಡೆಯುವವರ ಹಾಗೆ ಎರಡೂ ಕೈ ಚಾಚಿ ನಿಂತಿದ್ದಳು. ದಾಕ್ಷಾಯಿಣಿ ಫೋನು ಮಾಡಿದ್ದಳಂತೆ.

"ಅಕ್ಕನ ಊರ ಮುಂದ ಹಾದು, ಅಕ್ಕನ ಮನಿಗೆ ಬರದಂಗ ಹೊಂಟೀಯೇನೋ ಭೀಮ್ಯಾ? ಐದ ಮಿನಿಟು ಕುಂತು ಹೋಗು."

ಐದು ಮಿನಿಟು ಒಂದೂವರೆ ತಾಸು ನಡೆಯಿತು. ಹೊರಡುವಾಗ ನಲವತ್ತು ರೊಟ್ಟಿ, ಜುಣಕದ ವಡಿ, ಮಡಕಿಕಾಳಿನ ಪಲ್ಯ ಕಾರು ಹತ್ತಿದವು. "ಒಂದ ರೊಟ್ಟಿ ವಾಪಸ್ ಬಂತಂದ್ರ ನನ್ನ ಮನಿ ಹೊಸ್ತಿಲ ತುಳೀಬ್ಯಾಡ," ಎಂಬ ಆಶೀರ್ವಾದವೂ ಹತ್ತಿತು. ಹತ್ತರಗಿಯಲ್ಲಿ ಕೇದಾರಿಯ ಚಿಗವ್ವ ಅಲ್ಲವ್ವ ಕಾದಿದ್ದಳು. ಕಾಶೆವ್ವ ಅವಳಿಗೆ ಫೋನು ಮಾಡಿದ್ದಳಂತೆ. ಶೇಂಗಾ ಚಟ್ನಿಯ ಭರಣಿ, ಒಂದು ಗಡಿಗೆ ಗಟ್ಟಿ ಮೊಸರು. ಕೇದಾರಿ ಗಡಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡ. ಕೈ ಬೀಸಲು ಕಾರಿನೊಳಗೆ ಈಗ ಯಾರಿಗೂ ಜಾಗವಿರಲಿಲ್ಲ.

ಬಯಲು ಮುಟ್ಟಿದಾಗ ನಾಲ್ಕೂವರೆ. ಗಾಡಿ ಒಳಗೆ ಬಿಡುವ ಗೇಟಿನಲ್ಲೇ ಕರಿ ಅಂಗಿಯ ಕಾವಲುಗಾರ ಡಿಕ್ಕಿ ತೆಗೆಸಿದ. ನೋಡಿದ. ಇನ್ನೊಮ್ಮೆ ನೋಡಿದ.

"ಮದಿವಿ ಐತೇನ್ರಿ?"

"ಇಲ್ಲ, ಹಲಗಿ ಕೇಳಾಕ ಬಂದೇವಿ," ಎಂದ ಭೀಮಶಿ.

"ಹೊರಗಿನ ಊಟ ಒಳಗ ನಡ್ಯೂದಿಲ್ರಿ. ಗಾಡ್ಯಾಗ ಇಡಾಕೂ ಬರೂದಿಲ್ಲ. ಅಲ್ಲಿ ಕಸದ ಡ್ರಮ್ ಐತಿ, ಚೆಲ್ಲಿ ಬರ್ರಿ."

ಮೂವರೂ ಡ್ರಮ್ಮಿನ ಕಡೆ ನೋಡಿದರು. ನಂತರ ಒಬ್ಬರ ಮುಖ ಒಬ್ಬರು ನೋಡಿದರು.

"ರೊಟ್ಟಿ ಚೆಲ್ಲಬೇಕಾ? ನಿನಗ ಹಡದವ್ವ ಅದಾಳೋ ಇಲ್ಲೋ ತಮ್ಮಾ?" ಎಂದು ಮಾಲಿಂಗ ಬಹಳ ಶಾಂತವಾಗಿ ಕೇಳಿದ.

ಉಳಿದದ್ದು ಒಂದೇ ದಾರಿ. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಕೌದಿ ಹಾಸಿ ಮೂವರೂ ಕೂತರು. ಆರಕ್ಕೆ ಗೇಟು ಮುಚ್ಚುತ್ತಾರೆ. ಒಬ್ಬೊಬ್ಬರು ಹದಿನೆಂಟು ರೊಟ್ಟಿ ತಿಂದರೆ ಐದೂವರೆಗೆ ಒಳಗಿರಬಹುದೆಂದು ಭೀಮಶಿ ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿತ್ತು, ಹೊಟ್ಟೆ ಒಪ್ಪಲಿಲ್ಲ. ಆರನೆಯ ರೊಟ್ಟಿಗೆ ಮಾಲಿಂಗ ಮಲಗಿದ. ಏಳನೆಯದಕ್ಕೆ ಕೇದಾರಿ.

ಭೀಮಶಿ ಗೇಟಿನ ಮುಂದಿದ್ದವರನ್ನು ಕರೆದ. ಕಾವಲುಗಾರನಿಗೆ ಚಕ್ಕುಲಿ ಒಪ್ಪಿಸಿದವರು, ಬಿಸ್ಕೀಟು ಕಳೆದುಕೊಂಡವರು ಬಂದು ಕೂತರು. ಅವರನ್ನು ನೋಡಿ ಇನ್ನಷ್ಟು ಜನ ಕೂತರು. ನೋಡನೋಡುತ್ತ ಬೇವಿನ ಮರದ ಕೆಳಗೆ ಸಾಲು ಪಂಗತಿ! ಕಾವಲುಗಾರನೂ ಬೂಟು ಕಳಚಿ ಕೂತು, "ನನಗೊಂದೀಟು ಚಟ್ನಿ ಹಾಕ್ರಿ ಅಣ್ಣಾ," ಎಂದ. ಉಣ್ಣುವವರನ್ನು ಅರ್ಧಕ್ಕೆ ಬಿಟ್ಟು ನೀಡುವವನು ಎದ್ದು ಹೋಗುವುದು ಭೀಮಶಿಯ ಮನೆತನದಲ್ಲಿ ಬುತ್ತಿ ಮರೆಯುವುದಕ್ಕಿಂತ ದೊಡ್ಡ ಪಾಪ. ಅವನು ನೀಡುತ್ತಲೇ ಇದ್ದ.

ಐದೂಮುಕ್ಕಾಲಿಗೆ ಒಳಗಿನಿಂದ ಒಬ್ಬ ಬೋಳುತಲೆಯವ ಬರೀ ಬನಿಯನ್ನು ತೊಟ್ಟು, ಹೆಗಲ ಮೇಲೊಂದು ಟಾವೆಲ್ಲು ಹಾಕಿಕೊಂಡು ಬಂದು ಕೂತ.

"ಒಳಗ ಎಲ್ಲಾ ಕಾಗದದ ತಾಟಿನ್ಯಾಗ ಶಾವಿಗಿ ಕೊಡಾಕತ್ತಾರಪ್ಪ. ಹೊಟ್ಟಿ ಕೇಳವಲ್ದು."

ಅವನ ಪಾಲಿಗೆ ದಾಕ್ಷಾಯಿಣಿಯ ಡಬ್ಬಿ ಬಂತು. ಅವನು ನಾಲ್ಕು ರೊಟ್ಟಿ ಮುಗಿಸಿ ಐದನೆಯದಕ್ಕೆ ಕೈ ಹಾಕಿದ. ಭೀಮಶಿಗೆ ತಡೆಯಲಾಗಲಿಲ್ಲ.

"ಲಗೂನ ಉಣ್ರಿ ಮಾವಾರ! ನಾ ರಾವಸಾಹೇಬ್ರ ಹಲಗಿ ಕೇಳಬೇಕಾಗೇತಿ."

"ಗಾಬರಿ ಆಗಬ್ಯಾಡೋ ತಮ್ಮಾ. ನಾ ಉಂಡು ಹೋಗೂತನಕ ಅದು ಚಾಲೂ ಆಗೂದಿಲ್ಲ."

ಪುಕ್ಕಟೆ ಊಟಕ್ಕೆ ಎಷ್ಟು ಜಂಬ ಎಂದುಕೊಂಡ ಭೀಮಶಿ. ಒಳಗಿರುವ ತನ್ನ ಹುಡುಗರಿಗೂ ಬೇಕೆಂದು ಆ ಮನುಷ್ಯ ಕೇಳಿದಾಗ, ಪೀಡೆ ತೊಲಗಲಿ ಎಂದು ಡಬ್ಬಿಯನ್ನೇ ಕೊಟ್ಟು ಕಳಿಸಿದ.

ಕೊನೆಯ ರೊಟ್ಟಿ ನೀಡಿ, ಗಡಿಗೆ ಬೋರಲು ಹಾಕಿ ಭೀಮಶಿ ಗೇಟಿಗೆ ಓಡಿದ. ಆರು ಗಂಟೆ ಎರಡು ಮಿನಿಟು. ಕಾವಲುಗಾರ ಬೂಟು ಹಾಕಿಕೊಂಡು, ಗೇಟಿಗೆ ಬೀಗ ಹಾಕಿ, ಅಟೆನ್ಷನ್‌ನಲ್ಲಿ ನಿಂತಿದ್ದ.

"ಈಗಷ್ಟ ನನ್ನ ಕೈಯಾಗ ಉಂಡೀಯಲ್ಲೋ!"

"ನಿಮ್ಮ ಉಪ್ಪ ಉಂಡೇನಿ, ಖರೆ," ಎಂದ ಅವನು ಕಣ್ಣು ತುಂಬಿಕೊಂಡು. "ಪಗಾರ ಅವರದ ಐತ್ರಿ."

ಒಳಗೆ ಹಲಗಿ ಶುರುವಾಯಿತು. ಭೀಮಶಿ ತಗಡಿನ ಗೋಡೆಗೆ ಕಿವಿ ಹಚ್ಚಿದ. ಪಕ್ಕದ ಸೋಡಾ ಅಂಗಡಿಯವನ ಜನರೇಟರು ಡಬಡಬ ಎನ್ನುತ್ತಿತ್ತು. ಒಂದು ತಾಸು ಕಿವಿಗೊಟ್ಟು ಕೇಳಿದ ಮೇಲೆ ಅವನಿಗೆ ಖಚಿತವಾಗಿ ತಿಳಿದದ್ದು ಒಂದೇ: ಜನರೇಟರಿನ ಬೇರಿಂಗು ಹೋಗಿತ್ತು. ಆರು ವರ್ಷ ಕಾದವನಿಗೆ ಅಳು ಬಂತು. ಗಂಡಸಾದ್ದರಿಂದ ಅದನ್ನು ಚಟ್ನಿಯ ಖಾರದ ಲೆಕ್ಕಕ್ಕೆ ಹಾಕಿದ.

ವಾಪಸು ಬರುವಾಗ, ಊರಲ್ಲಿ ಏನು ಹೇಳಬೇಕೆಂದು ಮೂವರೂ ಒಂದು ಮಾತಿಗೆ ಬಂದರು: ಎಲ್ಲ ನೋಡಿದೆವು, ಎಲ್ಲ ಕೇಳಿದೆವು.

ಮರುದಿನ ಮುಂಜಾನೆ ಚಹಾದ ಜೊತೆ ದಾಕ್ಷಾಯಿಣಿ ಕೇಳಿದಳು, "ಹಲಗಿ ಹೆಂಗಿತ್ರಿ?"

"ಏನ್ ಹೇಳ್ಲಿ! ಎದಿ ಝಲ್ ಅಂತು!"

"ಎಲ್ಲಿ ಕುಂತಿದ್ರಿ?"

"ಮುಂದ! ಮೊದಲನೇ ಸಾಲು!"

"ಮತ್ತ ನನ್ನ ಡಬ್ಬಿ?"

"ಯಾವನೋ ಬೋಳತಲಿಯಾಂವ, ಬಡವ, ಹಸದಿದ್ದ. ಪಾಪ ಅಂತ ಕೊಟ್ಟ ಬಂದೆ."

ದಾಕ್ಷಾಯಿಣಿ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲು ತಂದು ಅವನ ಮುಂದೆ ಹಿಡಿದಳು. ಕಾರ್ಯಕ್ರಮವನ್ನೆಲ್ಲ ಮೊಬೈಲಿನಲ್ಲಿ ನೇರವಾಗಿ ತೋರಿಸಿದ್ದರಂತೆ. ಅವಳು ಕಟ್ಟೆಯ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಕೇಳಿದ್ದಳು. ಪರದೆಯ ಮೇಲೆ ಆ ಬೋಳುತಲೆಯವ ಬನಿಯನ್ನಿನ ಮೇಲೆ ಜರಿ ಅಂಗಿ ತೊಟ್ಟು, ತಲೆಗೆ ಕೆಂಪು ರುಮಾಲು ಸುತ್ತಿ, ಕರಿ ಚಷ್ಮಾ ಏರಿಸಿ, ಪೋಸ್ಟರಿನಲ್ಲಿ ಕಾಣುವ ಹಲಗಿ ರಾವಸಾಹೇಬರಾಗಿದ್ದ. ಡಬ್ಬಿಯನ್ನು ಎತ್ತಿ ಹಿಡಿದ.

"ಇವತ್ತ ಈ ಕೈಯಾಗ ಬಲ ಬಂದಿದ್ದು ಈ ಡಬ್ಬಿಯಿಂದ. ಹೆಸರ ಬರದೈತಿ: ದಾಕ್ಷಾಯಿಣಿ, ಮಮದಾಪುರ. ತಾಯಿ, ಬರೂ ವರ್ಷ ನೀವ ಬಂದು ಮೊದಲನೇ ಸಾಲಿನ್ಯಾಗ ಕುಂಡ್ರಬೇಕು, ನಿಮ್ಮ ಡಬ್ಬಿ ಒಯ್ಯಬೇಕು!" ಸಾವಿರಾರು ಜನ ಚಪ್ಪಾಳೆ ತಟ್ಟಿದರು. "ನೀಡಿದಾಂವ ಮಾತ್ರ ಭಾಳ ಅವಸರದಾಂವ. ನನ್ನ ಹಲಗಿ ಕೇಳೂದೈತಿ ಅಂತ ನನಗ ಲಗೂನ ಉಣ್ಣಂದ. ಎಲ್ಲಿ ಅದೀ ತಮ್ಮಾ? ಕೈ ಎತ್ತು!"

ಕ್ಯಾಮೆರಾ ಮೊದಲ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಹೋಯಿತು. ಯಾರೂ ಕೈ ಎತ್ತಲಿಲ್ಲ.

"ಮುಂದ ಕುಂತಿದ್ರಿ," ಎಂದಳು ದಾಕ್ಷಾಯಿಣಿ. "ಕೈ ಯಾಕ ಎತ್ತಲಿಲ್ರಿ?"

ಭೀಮಶಿ ಚಹಾದ ಕಪ್ಪಿನೊಳಗೆ ನೋಡಿದ. "ಕೈ ಎಂಜಲಿತ್ತು."

"ಇರ್ಲಿ ಬಿಡ್ರಿ," ಎಂದು ಅವಳು ಖಾಲಿ ಕಪ್ಪು ಎತ್ತಿಕೊಂಡಳು. "ಬರೂ ವರ್ಷ ನಾ ಹೊಕ್ಕೇನಿ. ನೀವೂ ಬರ್ರಿ. ಬುತ್ತಿ ಹೊರಾಕ ಒಬ್ರು ಬೇಕಲ್ಲ!"