ನಮ್ಮ ಮನ್ಯಾಗ ಏನೂ ಹಚ್ಚೂದಿಲ್ರಿ

ತಿಂಗಳಿಗೊಮ್ಮೆ ತಪ್ಪದಂಗ ನಡಿಯೂ ನಾಟಕ ಇದು. ಮೀಟರ್ ಓದಿ ಬಿಲ್ ಹರದು ಕೊಡೂ ಕೆಲಸ ನಂದು, ಅದೂ ಗುತ್ತಿಗಿ ಮ್ಯಾಲ. ಮೊದಲ ಇಳಕಲ್ಲು, ಆಮ್ಯಾಲ ಹುನಗುಂದ, ಈಗ ಬಾಗಲಕೋಟಿ. ಯಾವ ಊರಾಗ ಯಾರ ಬಾಗಿಲ ಬಡದ್ರೂ ಬಿಲ್ ನೋಡಿದ ಕೂಡ್ಲೆ ಬರೂ ಮಾತು ಒಂದ: "ನಮ್ಮ ಮನ್ಯಾಗ ಏನೂ ಹಚ್ಚೂದಿಲ್ರಿ." ಹಂಗಾರ ಕರೆಂಟ್ ಇಲಿ ಕುಡದು ಹೋದ್ವೇನು?

ಈಗಿನ ಮೀಟರಿಗೆ ಒಂದು ಚಟ ಐತಿ. ಎಷ್ಟು ಯುನಿಟ್ ಉರಿಸಿದ್ರಿ ಅಂತ ಅಷ್ಟ ಅಲ್ಲ, ತಿಂಗಳದಾಗ ಯಾವ ಅರ್ಧ ತಾಸಿನ್ಯಾಗ ಎಲ್ಲಾ ಒಮ್ಮಿಗೇ ಹಚ್ಚಿ ಭಾಳ ಲೋಡ್ ಹಾಕಿದ್ರಿ ಅನ್ನೂದನ್ನೂ ನೆನಪಿಟ್ಟಿರ್ತೈತಿ. ಆ ಮನಿಗಂತ ಮಂಜೂರಾದ ಲೋಡ್ ಮೀರಿದ್ರ ಬಿಲ್ಲಿನ್ಯಾಗ ಒಂದು ಸಾಲು ಹೆಚ್ಚು, ರೊಕ್ಕಾನೂ ಹೆಚ್ಚು. ಆ ಒಂದು ಸಾಲಿನ ಸಲುವಾಗಿ ನಾ ತಿಂದ ಬೈಗುಳ ದೇವರಿಗೇ ಗೊತ್ತು. ಮೊನ್ನೆ ಅದರ ಸಲುವಾಗಿ ನನ್ನ ನೌಕರಿನ ಹೋಗೂದಿತ್ತು. ಅದನ್ನ ಕಡೀಕ ಹೇಳ್ತೇನಿ.

೧. ದೇವರ ಮನಿ ಬಲ್ಬು

ಇಳಕಲ್ಲಿನ್ಯಾಗ ಒಬ್ಬ ಗ್ರಾನೈಟ್ ವ್ಯಾಪಾರಿ ಇದ್ದಾ. ಮನಿ ತುಂಬ ಮುಖ ಕಾಣೂವಂಥಾ ಕಲ್ಲು ಹಾಸಿದ್ದಾ. ಲೋಡ್ ಮಾತ್ರ ಒಂದ ಕಿಲೋವ್ಯಾಟ್ ಮಂಜೂರು ಮಾಡಿಸಿದ್ದಾ, ತಿಂಗಳಾ ಕಟ್ಟೂ ನಿಗದಿ ರೊಕ್ಕ ಉಳೀಲಿ ಅಂತ. ಲಕ್ಷಗಟ್ಟಲೆ ಕಲ್ಲಿಗೆ ಸುರದಾಂವಗ ನೂರು ರೂಪಾಯಿ ಭಾರ!

ಆ ಬ್ಯಾಸಿಗ್ಯಾಗ ಎರಡು ಏಸಿ ಹಾಕಿಸಿದಾ. ಬಿಲ್ ಬಂತು. ಮೊದಲ ನನಗ ಬೈದಾ, ಆಮ್ಯಾಲ ಮೀಟರಿಗೆ ಬೈದಾ, ಕಡೀಕ ಹಡದವ್ವನ ಮ್ಯಾಲ ಹೋದಾ. ದೇವರ ಮನ್ಯಾಗ ಹಗಲೂ ರಾತ್ರಿ ಝೀರೊ ಬಲ್ಬ್ ಹಚ್ಚಿಡ್ತಾಳ, ಬಿಲ್ ಏರಿದ್ದು ಅದಕ್ಕ ಅಂತ. ಏಸಿ ಎರಡೂ ಗುಂಯ್ ಅನ್ನಾಕತ್ತಿದ್ವು. ಅವನ್ನ ಮುಟ್ಟಲಿಲ್ಲ. ಎದ್ದು ಹೋಗಿ ಬಲ್ಬ್ ಬಿಚ್ಚಿಕೊಂಡು ಬಂದು ಕಳ್ಳನ್ನ ಹಿಡದಾಂವನಂಗ ನನ್ನ ಮುಂದ ಇಟ್ಟಾ.

ಮುದುಕಿ ಅಕ್ಕಿ ಹಸನ ಮಾಡೂದು ಬಿಡಲಿಲ್ಲ, ತಲಿನೂ ಎತ್ತಲಿಲ್ಲ. "ಅದು ನಿಮ್ಮಪ್ಪ ಇದ್ದಾಗಿಂದ ಉರಿಯಾಕತ್ತೈತಪಾ," ಅಂದ್ಳು. "ದೇವರು ಒಂದಿನಾರ ಧಗಿ ಅಂದಿಲ್ಲ. ಅಂದ್ರೂ ನಾ ಬೀಸಣಿಕಿ ಬೀಸ್ತಿದ್ನಿ."

೨. ಇಪ್ಪತ್ತು ದಿನ ಕೆಳಗ, ಹತ್ತು ದಿನ ಮ್ಯಾಲ

ಹುನಗುಂದದಾಗ ಗಂಡ ಹೆಂಡತಿ, ಇಬ್ಬರ. ಎರಡ್ನೂರು ಯುನಿಟ್ ತನಕ ಪುಕ್ಕಟೆ, ಒಂದು ದಾಟಿದ್ರ ಪೂರಾ ಬಿಲ್. ಶಾಣ್ಯಾ ಗಂಡ ಕೆಳಗಿನ ಮೀಟರ್ ತನ್ನ ಹೆಸರಿಗೆ, ಮ್ಯಾಲಿನ ಖೋಲಿದು ಹೆಂಡತಿ ಹೆಸರಿಗೆ ಮಾಡಿಸಿದ್ದಾ. ಕೇಳಿದ್ರ ಬ್ಯಾರೆ ಬ್ಯಾರೆ ಒಲಿ ಅದಾವ್ರಿ ಅಂತಿದ್ದಾ. ಖರೆ ಹೇಳಬೇಕಂದ್ರ ಕೆಳಗಿನ ಮೀಟರ್ ಎರಡ್ನೂರರ ಹತ್ರ ಬಂತಂದ್ರ ಇಡೀ ಸಂಸಾರ ಮ್ಯಾಲ ಹತ್ತತಿತ್ತು.

ಒಮ್ಮೆ ನಾ ಹೋದಾಗ ಇಬ್ಬರೂ ಮೆಟ್ಟಲದಾಗ ಫ್ರಿಡ್ಜ್ ಹೊತಗೊಂಡು ನಿಂತಿದ್ರು, ಮ್ಯಾಲೂ ಹೋಗವಲ್ರು, ಕೆಳಗೂ ಇಳಿಯವಲ್ರು. ಮನಿ ಬಿಡಾಕತ್ತೀರೇನ್ರಿ ಅಂತ ಕೇಳಿದ್ನಿ. ಹೋದ ತಿಂಗಳು ಆ ಸಣ್ಣ ಖೋಲಿಯೊಳಗ ಫ್ರಿಡ್ಜ್, ಮಿಕ್ಸರ್, ಕರೆಂಟ್ ಒಲಿ ಎಲ್ಲಾ ಒಮ್ಮಿಗೇ ಹಚ್ಚಿ, ಮ್ಯಾಲಿನ ಮೀಟರಿನ್ಯಾಗೂ ಲೋಡ್ ಮೀರಿದ ಸಾಲು ಬಂದಿತ್ತು. ಬಿಲ್ ಹೆಂಡತಿ ಕೈಯಾಗ ಕೊಟ್ನಿ.

"ಹೊತ್ತು ಹೊತ್ತು ಇವರ ಸೊಂಟ ಹಿಡದೈತ್ರಿ," ಅಂದ್ಳು ಆಕಿ. "ದವಾಖಾನಿಯಾಗೂ ಎರಡ್ನೂರರ ತನಕ ಪುಕ್ಕಟೆ ಐತೇನು ನೋಡಿ ಹೇಳ್ರಿ."

೩. ಹತ್ತಕ್ಕ ಹತ್ತು

ಈಗ ಬಾಗಲಕೋಟಿ ವಿದ್ಯಾಗಿರಿದು. ಅಲ್ಲೊಬ್ರು ರಿಟೈರಾದ ವಿಜ್ಞಾನ ಮಾಸ್ತರು, ಸಾಲ್ಯಾಗ ನನಗ ಕಲಿಸಿದವರು. ಕರೆಂಟಿನ ಪಾಠದ ಪರೀಕ್ಷೆದಾಗ ಹತ್ತಕ್ಕ ಸೊನ್ನಿ ಕೊಟ್ಟು, "ನಿನ್ನ ತಲಿಗೆ ಇದು ಹತ್ತೂದಿಲ್ಲಲೇ," ಅಂತ ಇಡೀ ವರ್ಗದ ಮುಂದ ಅಂದಿದ್ರು. ಅವರ ಮನಿಗೆ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್. ಮೀಟರ್ ತೋರಸ್ತಿದ್ದದ್ದು ನಾಲ್ಕೂವರೆ. ಬಿಲ್ ಕೊಡೂ ಹುಡುಗ ತನ್ನ ಮನ್ಯಾಗ ಕುಂತು ಸುಳ್ಳ ಬಿಲ್ ಬರೀತಾನ ಅಂತ ಮಾಸ್ತರು ಕರೆಂಟ್ ಆಫೀಸಿನ ಸಾಹೇಬರಿಗೆ ಅರ್ಜಿ ಕೊಟ್ರು. ತಪ್ಪು ನಿಂದಾದ್ರ ಅವತ್ತ ಬಿಲ್ ಹರಿಯೂ ಮಷೀನ್ ಕೊಟ್ಟು ಮನೀಗಿ ನಡಿ ಅಂತ ಗುತ್ತಿಗೆದಾರ ಹೇಳಿದಾ. ನಮ್ಮ ಮನ್ಯಾಗ ನಾಕು ಮಂದಿ ಉಣ್ಣೂದು ಆ ಮಷೀನಿನ ಮ್ಯಾಲ.

ಸಾಹೇಬರು ತಪಾಸಣಿಗೆ ಬಂದು ಹಳೇ ಮೀಟರಿನ ಬಾಜೂಕ ಇನ್ನೊಂದು ಮೀಟರ್ ಜೋಡಿಸಿದ್ರು. ಮನ್ಯಾಗ ಒಂದ ಫ್ಯಾನ್ ತಿರಗತಿತ್ತು. ಮಾಸ್ತರು ಖುರ್ಚಿ ಹಾಕಿಸಿ, ಚಾ ಕೊಡಿಸಿ, ನಮ್ಮ ಮನ್ಯಾಗ ಯಾವಾಗ್ಲೂ ಇಷ್ಟ ಹಚ್ಚೂದ್ರಿ ಅಂತ ಓಮ್ ನಿಯಮ ಹೇಳಾಕ ಶುರು ಮಾಡಿದ್ರು. ಎರಡೂ ಮೀಟರ್ ಸತ್ತಂಗ ಬಿದ್ದಿದ್ವು. ಸಾಹೇಬರು ನನ್ನ ಕಡೆ ನೋಡಿದ್ರು. ಮಷೀನನ್ನ ಹೆಗಲಿಂದ ಇಳಿಸಿ ಕೈಯಾಗ ಹಿಡಕೊಂಡ್ನಿ.

ಅಷ್ಟರಾಗ ಓಣ್ಯಾಗ ಯಾರೋ ನೀರು ಬಂದ್ವು ಅಂತ ಒದರಿದ್ರು. ಆ ಓಣಿಗೆ ನಳ ಬರೂದು ಎಂಟು ದಿನಕ್ಕೊಮ್ಮೆ, ಅದೂ ಒಂದು ತಾಸು. ಎಂಟು ದಿನದ ತುಂಬೂದು, ತೊಳಿಯೂದು, ರುಬ್ಬೂದು, ಜಳಕ ಎಲ್ಲಾ ಆ ಒಂದು ತಾಸಿನ್ಯಾಗ. ಮಾಸ್ತರು ಓಮ್ ನಿಯಮ ಅರ್ಧಕ್ಕ ಬಿಟ್ಟು ಧೋತರ ಎತ್ತಿ ಕಟ್ಟಿ ಒಳಗ ಓಡಿದ್ರು. ನಳದ ಮೋಟಾರ್ ಗುರ್ ಅಂತು. ಟಾಕಿಗೆ ಏರಿಸೂ ಮೋಟಾರೂ ಗುರ್ ಅಂತು. ಅರಬಿ ಒಗಿಯೂ ಮಷೀನ್ ಹತ್ತಿತು, ಗ್ರೈಂಡರ್ ತಿರಗಿತು.

"ಸಾಹೇಬರು ಕುಂತಾರಲ್ರಿ," ಅಂದ್ರು ಅವರ ಹೆಂಡತಿ, ಸಣ್ಣ ದನಿಲೆ.

"ಸಾಹೇಬರು ನಾಳಿಗೂ ಬರ್ತಾರ. ನೀರು ಇನ್ನ ಎಂಟು ದಿನ ಬರೂದಿಲ್ಲ. ಗೀಜರ್ ಹಚ್ಚು."

ಎರಡೂ ಮೀಟರ್ ಒಂದ ಅಂಕಿಗೆ ಬಂದು ನಿಂತ್ವು: ನಾಲ್ಕೂವರೆ. ಸಾಹೇಬರು ಚಾ ಕಪ್ಪು ಕೆಳಗ ಇಟ್ಟು ನಗಿ ಮುಚ್ಚಾಕ ಕರವಸ್ತ್ರ ಹುಡುಕಿದ್ರು. ನಾ ಮಷೀನ್ ಮತ್ತ ಹೆಗಲಿಗೆ ಹಾಕ್ಕೊಂಡು ಒಂದು ಹಾಳಿ ಮ್ಯಾಲ ಮೋಟಾರಿಗೆ ಎಷ್ಟು, ಗೀಜರಿಗೆ ಎಷ್ಟು ಅಂತ ಬರದು, ಕೂಡಿಸಿ, ಮಾಸ್ತರ ಸಹಿಗೆ ಮುಂದ ಹಿಡದ್ನಿ.

ಮಾಸ್ತರು ಒದ್ದಿ ಕೈ ಒರಸ್ಕೊಂಡು ಚಷ್ಮಾ ಹಾಕ್ಕೊಂಡ್ರು. ಮೂವತ್ತು ವರ್ಷ ಪೇಪರ್ ತಿದ್ದಿದ ಚಟ ಎಲ್ಲಿ ಬಿಡ್ತೈತಿ? ಒಂದೊಂದು ಸಾಲಿಗೂ ರೈಟ್ ಹಾಕಿದ್ರು. ಮೊತ್ತ ಮತ್ತೊಮ್ಮೆ ಕೂಡಿಸಿ ನೋಡಿದ್ರು. ಕಡೀಕ ಕೆಳಗ 'ಹತ್ತಕ್ಕ ಹತ್ತು' ಅಂತ ಬರದು ಸಹಿ ಮಾಡಿದ್ರು. ಕರೆಂಟಿನ ಪಾಠದಾಗ ಕಡೀಕೂ ನಾ ಪಾಸಾದ್ನಿ. ಫೀ ಮಾತ್ರ ಮಾಸ್ತರು ಕಟ್ಟಿದ್ರು.