ಉಪ್ಪು ಕಡಿಮೆಗೆ ಯಾವ ರಾಗ?

ನಾನು ಮ್ಯೂಸಿಕ್ ಥೆರಪಿ ಮಾಡುವವಳು ಎಂದು ಗೊತ್ತಾದ ಕೂಡಲೇ ನಮ್ಮವರು, "ಯಾವ ರಾಗಕ್ಕೆ ಶುಗರ್ ಇಳಿಯುತ್ತೆ?" ಎಂದು ಕೇಳುತ್ತಾರೆ. ಯಾವುದಕ್ಕೂ ಇಳಿಯಲ್ಲ ಎಂದರೆ, "ಹಾಗಾದ್ರೆ ನಿಮ್ಮ ನಿಜವಾದ ಕೆಲಸ ಏನು?" ಎನ್ನುತ್ತಾರೆ. ಎಷ್ಟು ಊರು ಬದಲಾಯಿಸಿದರೂ ಇದು ತಪ್ಪಿದ್ದಲ್ಲ. ನೈರೋಬಿಯಲ್ಲಿ, ಗ್ಲಾಸ್ಗೋದಲ್ಲಿ ಇದೇ ಕಸುಬು ಮಾಡಿ ಬಂದವಳು ನಾನು. ಅಲ್ಲೆಲ್ಲ ಜನ ಡೋಲು ಕೊಟ್ಟರೆ ಬಾರಿಸುತ್ತಿದ್ದರು. ಕೈಗೆ ತೆಗೆದುಕೊಂಡು, ಕಿವಿಗೆ ಹಿಡಿದು, "ಇದರ ಶ್ರುತಿ ಸರಿಯಿಲ್ಲ" ಎಂದು ವಾಪಸ್ ಕೊಡುವವರನ್ನು ಕಂಡದ್ದು ನಮ್ಮವರಲ್ಲೇ.

ನಾನು ಹೇಳುತ್ತಿರುವುದು ರಿಸೆಶನ್ನಿನ ಕಾಲ. ವಾರದಲ್ಲಿ ಅರ್ಧ ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ ಮಕ್ಕಳ ಜೊತೆ, ಇನ್ನರ್ಧ ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ದೊಡ್ಡವರ ಜೊತೆ. ನಡುವೆ ಅರ್ಧ ದಿನದ ಡ್ರೈವ್. ಕಾರಿನಲ್ಲಿ ಯಾವ ಹಾಡೂ ಹಾಕದೆ ಬರುವುದೇ ನನಗೆ ಥೆರಪಿ. ಆ ವರ್ಷ ಆಗಲೇಬೇಕಿದ್ದ ಕೆಲಸ ಒಂದಿತ್ತು. ಲಿವೋನಿಯಾದಲ್ಲಿ ಮಗನ ಮನೆಯಲ್ಲಿದ್ದ ಒಬ್ಬ ಅಂಕಲ್‌ಗೆ ಸ್ಟ್ರೋಕ್ ಆಗಿ ಮಾತು ನಿಂತುಹೋಗಿತ್ತು. ಬೇಸಿಗೆ ಮುಗಿಯುವುದರೊಳಗೆ ಅವರು ಒಂದು ಮಾತಾದರೂ ಆಡಬೇಕಿತ್ತು. ಆ ಕಥೆಗೆ ಬರುತ್ತೇನೆ. ಅದಕ್ಕೆ ಮುಂಚೆ ನಾನು ಎಂಥವರ ನಡುವೆ ಇದ್ದೆ ಎನ್ನುವುದು ನಿಮಗೆ ಗೊತ್ತಾಗಲಿ.

ಡ್ರಮ್ ಯಾಕೆ ಕೊಟ್ಟ?

ವುಡ್‌ರಿಡ್ಜ್‌ನ ಗುಂಪಿನಲ್ಲಿ ಒಬ್ಬ ಹುಡುಗ. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕೈಗೆ ಸಿಕ್ಕಿದ ಡ್ರಮ್ಮನ್ನು ಯಾರಿಗೂ ಬಿಡುತ್ತಿರಲಿಲ್ಲ. ಚಳಿಗಾಲವೆಲ್ಲ ಅವನ ಜೊತೆ ನೆಲದ ಮೇಲೆ ಕೂತು ನನ್ನ ಮಂಡಿ ಹೋಯಿತು. ಅವನ ಅಮ್ಮ ಮಾತ್ರ ಪ್ರತಿ ವಾರ ನನ್ನನ್ನು ಬಾಗಿಲಲ್ಲೇ ಹಿಡಿದುಕೊಳ್ಳುತ್ತಿದ್ದರು: "ಮೇಡಂ, ಗೀತೆ ಯಾವಾಗ ಶುರು? ನಮ್ಮ ಬೀದಿಯಲ್ಲೇ ಇವನ ವಯಸ್ಸಿನ ಹುಡುಗಿ ಸಂಗೀತ ಪಾಠದಲ್ಲಿ ಆಗಲೇ ವರ್ಣಕ್ಕೆ ಬಂದಿದಾಳೆ."

"ಇದು ಪಾಠ ಅಲ್ಲ ಕಣ್ರೀ, ಥೆರಪಿ" ಎಂದು ಹೇಳಿ ಹೇಳಿ ನನ್ನ ಶ್ರುತಿಯೇ ಇಳಿದಿತ್ತು.

ಒಂದು ಶನಿವಾರ ಆ ಹುಡುಗ ಬಾರಿಸುವುದನ್ನು ನಿಲ್ಲಿಸಿದ. ತಲೆಯೆತ್ತಿ ಪಕ್ಕದ ಹುಡುಗನನ್ನು ನೋಡಿದ. ಡ್ರಮ್ಮನ್ನು ತಾನಾಗೇ ಅವನ ಕಡೆ ತಳ್ಳಿದ. ಹೊರಗೆ ಓಡಿಬಂದು ಅವನ ಅಮ್ಮನಿಗೆ ಹೇಳಿದೆ.

ಆಕೆ ಹೌಹಾರಿ ಮಗನ ಕಡೆ ತಿರುಗಿದರು. "ಯಾಕೋ ಕೊಟ್ಟೆ?"

"ಇಟ್ಸ್ ಹಿಸ್ ಟರ್ನ್, ಅಮ್ಮ."

"ಏನು ಟರ್ನು? ಆ ಹುಡುಗ ಮೊದಲೇ ನಿನಗಿಂತ ಮುಂದಿದಾನೆ. ಈಗ ಡ್ರಮ್ಮೂ ಅವನದೇ ಆಯ್ತಾ?"

ಯಾರಿಗೂ ಕೆಲಸ ಹೋಗಿಲ್ಲ

ಲಿವೋನಿಯಾದಲ್ಲಿ ಆಗ ಕಾರಿನ ಬಿಡಿಭಾಗದ ಕಂಪನಿಗಳು ಒಂದೊಂದಾಗಿ ಜನರನ್ನು ಮನೆಗೆ ಕಳಿಸುತ್ತಿದ್ದವು. ಕೆಲಸ ಹೋದವರಿಗೆಂದು ಒಂದು ಗುಂಪು ಮಾಡಿದೆ. ಬಂದು ಕೂತು ಒಂದಿಷ್ಟು ಹಾಡಿ, ಒಂದಿಷ್ಟು ಮಾತಾಡಿ ಹಗುರಾಗಲಿ ಎಂಬ ಆಸೆ. ಮೊದಲ ದಿನ ಹಾಲ್‌ನಲ್ಲಿ ನಾನು ಮತ್ತು ಮಡಚುವ ಕುರ್ಚಿಗಳು. ವಿಚಾರಿಸಿದರೆ, ನಮ್ಮವರಲ್ಲಿ ಯಾರಿಗೂ ಕೆಲಸ ಹೋಗಿರಲೇ ಇಲ್ಲ. ಒಬ್ಬರು ಬ್ರೇಕ್ ತಗೊಂಡಿದ್ದರು. ಒಬ್ಬರು ಕನ್ಸಲ್ಟಿಂಗ್ ನೋಡುತ್ತಿದ್ದರು. ಇನ್ನೊಬ್ಬರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಏನು ಕೆಲಸ ಎಂದು ಅವರ ಹೆಂಡತಿಗೂ ಗೊತ್ತಿರಲಿಲ್ಲ.

ನಾನೂ ಹಟಮಾರಿ. ಅದೇ ಹಾಲ್, ಅದೇ ಹೊತ್ತು, ಹೆಸರು ಮಾತ್ರ ಬದಲಾಯಿಸಿದೆ: ಭಜನೆ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಲ್ ತುಂಬಿತು. ಎಲ್ಲ ಗಂಡಸರೇ. ಇಸ್ತ್ರಿ ಮಾಡಿದ ಶರ್ಟು, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು.

"ಏನ್ರೀ, ನಿಮಗೂ ಇವತ್ತು ರಜೆನಾ?"

"ಹೂಂ, ಹೀಗೇ ಒಂದು ಮೀಟಿಂಗ್ ಕ್ಯಾನ್ಸಲ್ ಆಯ್ತು. ನಿಮಗೆ?"

"ನಂದೂ ಅದೇ ಮೀಟಿಂಗ್ ಅನ್ಸುತ್ತೆ."

ಮುಗಿದ ಮೇಲೆ ಒಬ್ಬ ಹಿಂದೆ ಉಳಿದ. ಮಾತು ನಿಂತ ಅಂಕಲ್ ಅವನ ತಂದೆ. "ಕೆಲಸ ಹೋಗಿದೆ ಮೇಡಂ, ಅದರ ಜೊತೆ ವೀಸಾನೂ ಹೋಗುತ್ತೆ. ಬೇಸಿಗೆ ಕೊನೆಗೆ ಎಲ್ಲರೂ ಮೈಸೂರಿಗೆ ಹೊರಡ್ತಿದೀವಿ. ಅಲ್ಲಿ ಈ ಥರ ಹಾಡಿಸಿ ಮಾತು ಕಲಿಸೋರು ಯಾರು ಸಿಗ್ತಾರೋ ಗೊತ್ತಿಲ್ಲ. ಅಷ್ಟರೊಳಗೆ ಅಪ್ಪ ಒಂದೇ ಒಂದು ಮಾತು ಆಡಲಿ. ಅಮ್ಮ ಅದಕ್ಕೇ ಕಾಯ್ತಿದಾಳೆ." ಬಾಗಿಲ ತನಕ ಹೋದವನು ತಿರುಗಿ ಬಂದ. "ಕೆಲಸದ ವಿಷಯ ಭಜನೆಯವರಿಗೆ ಹೇಳಬೇಡಿ. ಪಾಪ, ಅವರೆಲ್ಲ ಕೆಲಸದಲ್ಲಿರೋರು, ಬೇಜಾರು ಮಾಡ್ಕೋತಾರೆ."

ಕೆಮ್ಮಿನ ಸಂಸಾರ

ಮಾತು ನಿಂತವರಲ್ಲೂ ಎಷ್ಟೋ ಸಲ ಹಾಡು ಉಳಿದಿರುತ್ತದೆ. ಅವರು ದಿನಾ ಆಡುತ್ತಿದ್ದ ಒಂದು ಮಾತನ್ನು ಎರಡೇ ಸ್ವರದಲ್ಲಿ ಹಾಡಿಸಬೇಕು, ಎಡಗೈಯಿಂದ ಮೇಜು ತಟ್ಟಿಸಬೇಕು, ಆಮೇಲೆ ಮೆಲ್ಲಗೆ ಹಾಡನ್ನು ಬಿಡಿಸಿ ಮಾತನ್ನು ಉಳಿಸಿಕೊಳ್ಳಬೇಕು. ಅಂಕಲ್ ಬಾಯಿ ಮುಚ್ಚಿಕೊಂಡೇ ಚೆನ್ನಾಗಿ ಗುನುಗುತ್ತಿದ್ದರು. ಹಾಗಾಗಿ ನನಗೆ ಧೈರ್ಯ ಇತ್ತು. ಅವರ ಹೆಂಡತಿಯನ್ನು ಕೂರಿಸಿಕೊಂಡೆ.

"ಆಂಟಿ, ಅಂಕಲ್ ನಿಮ್ಮನ್ನ ಏನಂತ ಕರೀತಿದ್ರು?"

"ಕರೀತಿರಲಿಲ್ಲ."

"ಮತ್ತೆ, ನೀವು ಬೇಕಾದಾಗ?"

"ಕೆಮ್ಮೋರು."

"ಕಾಫಿ ಬೇಕಾದ್ರೆ?"

"ಪೇಪರ್ ಮಡಚಿ ಟಪ್ಪಂತ ಇಡೋರು."

"ಸಿಟ್ಟು ಬಂದ್ರೆ?"

"ಇನ್ನೂ ಜೋರಾಗಿ ಕೆಮ್ಮೋರು."

ಕೆಮ್ಮಿಗೆ ಸ್ವರ ಹಾಕುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ. "ಹೋಗಲಿ, ನಿಮ್ಮ ಹೆಸರನ್ನೇ ಹಾಡಿಸೋಣ" ಎಂದೆ.

ಆಂಟಿಯ ಮುಖ ಕೆಂಪಾಯಿತು. "ಅಯ್ಯೋ ಬೇಡಮ್ಮ! ಮೊಮ್ಮಕ್ಕಳ ಎದುರಿಗೆ ಹೆಸರು ಹಿಡಿದು ಕರೆಯೋದಾ? ಅದಕ್ಕಿಂತ ಹೀಗೇ ಇರಲಿ." ಪಕ್ಕದಲ್ಲಿ ಅಂಕಲ್ ಹೌದು ಹೌದು ಎಂದು ತಲೆಯಾಡಿಸಿದರು. ಅಷ್ಟು ದಿನಗಳಲ್ಲಿ ಅವರು ಕೊಟ್ಟ ಅತ್ಯಂತ ಸ್ಪಷ್ಟ ಉತ್ತರ ಅದೇ.

"ದಿನಾ ಆಡೋ ಮಾತು ಒಂದಾದ್ರೂ ಇರಬೇಕಲ್ಲ, ಆಂಟಿ?"

ಆಕೆ ಯೋಚಿಸಿದರು. "ಊಟಕ್ಕೆ ಕೂತಾಗ ಒಂದು ಮಾತು ತಪ್ಪಿಸ್ತಿರಲಿಲ್ಲ. 'ಉಪ್ಪು ಕಡಿಮೆ.' ಒಂದ್ಸಲ ರೇಗಿ ಹೋಗಿ ಎರಡು ಪಟ್ಟು ಹಾಕಿದ್ದೆ. ಚೊಂಬು ನೀರು ಕುಡಿದು, ಆಮೇಲೆ 'ಉಪ್ಪು ಕಡಿಮೆ' ಅಂದ್ರು." ಸೆರಗಿನ ಅಂಚು ಸರಿಮಾಡಿಕೊಂಡರು. "ಈಗ ಡಾಕ್ಟರ್ ಹೇಳಿದಾರೆ ಅಂತ ನಿಜವಾಗ್ಲೂ ಕಡಿಮೆ ಹಾಕ್ತೀನಿ. ಹೇಳೋರೇ ಇಲ್ಲ."

ಗ್ಲಾಸ್ಗೋದಲ್ಲಿ ಗಂಡಂದಿರು "ಐ ಲವ್ ಯೂ" ಎಂಬಲ್ಲಿಂದ ಶುರು ಮಾಡುತ್ತಿದ್ದರು. ಲಿವೋನಿಯಾದಲ್ಲಿ ನಾನು ಉಪ್ಪಿನಿಂದ ಶುರು ಮಾಡಿದೆ.

ವಿದ್ವತ್ಸಭೆ

ಲಿವೋನಿಯಾದಲ್ಲಿ ನಾನು ನಡೆಸುತ್ತಿದ್ದ ಭಾನುವಾರದ ಹಿರಿಯರ ಗುಂಪಿನಲ್ಲಿ 'ಉಪ್ಪು ಕಡಿಮೆ'ಯನ್ನು ಎಲ್ಲರೂ ಸೇರಿ ಹಾಡುವುದೆಂದಾಯಿತು. ನಾನು ಎರಡು ಸ್ವರ ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಬೆಂಗಳೂರಿನ ಅಂಕಲ್ ಒಬ್ಬರು ಕೈಯೆತ್ತಿದರು. ಅವರು ನಿವೃತ್ತ ಎಂಜಿನಿಯರ್; ಸಂಗೀತ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ತೊಡೆ ತಟ್ಟುವವರು.

"ಮೇಡಂ, ಉಪ್ಪು ಕಡಿಮೆ ಅನ್ನೋದು ದುಃಖದ ವಿಷಯ. ಮುಖಾರಿಯಲ್ಲಿರಬೇಕು."

"ದುಃಖ ಎಲ್ಲಿ ಬಂತ್ರೀ? ಅದು ದೂರು. ಅಠಾಣ ಹಿಡೀರಿ, ರೋಷ ಬರುತ್ತೆ" ಎಂದರು ಇನ್ನೊಬ್ಬರು.

"ರಾಗ ಬೇಡ ಅಂಕಲ್, ಎರಡೇ ಸ್ವರ ಸಾಕು" ಎಂದೆ.

"ಎರಡು ಸ್ವರಕ್ಕೆ ಸಂಗೀತ ಅಂತಾರೇನಮ್ಮ? ಕನಿಷ್ಠ ಆದಿತಾಳಕ್ಕಾದ್ರೂ ಕೂರಿಸು."

ಕಾಲು ಗಂಟೆ ಹೀಗೇ ನಡೆಯಿತು. ನಾನು ಬೇಡಿಕೊಂಡೆ, ಗದರಿದೆ, ಕೊನೆಗೆ ತಲೆ ಹಿಡಿದುಕೊಂಡು ಕೂತೆ. ಯಾರಿಗಾಗಿ ಇಷ್ಟೆಲ್ಲ ಆಗುತ್ತಿತ್ತೋ ಆ ಅಂಕಲ್, ಬಾಯಿ ತೆರೆಯಲು ಒಂದು ಸಂದು ಸಿಗಬಹುದೇನೋ ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದ ಧಾರವಾಡದ ಅಜ್ಜಿಗೆ ತಡೆಯಲಾಗಲಿಲ್ಲ.

"ನಿಮ್ಮ ರಾಗ ಗೊತ್ತಾಗೂದ್ರಾಗ ಪಲ್ಯಾ ಹಳಸಿ ಹೋಗ್ತದ. ಆ ಮನಷ್ಯಾಗ ಮಾತ ಬರ್ಲಿ ಅಂತ ಕೂತೀರೋ, ನಿಮ್ಮ ಮಾತ ನಿಲ್ಲಬಾರದು ಅಂತ ಕೂತೀರೋ?"

ಕೊನೆಯ ಭಾನುವಾರ

ವಾರ ವಾರ ಹಾಡಿದೆವು. ಅಂಕಲ್ ತಟ್ಟಿದರು, ಗುನುಗಿದರು, "ಉ" ಎಂಬಲ್ಲಿಗೆ ಬಂದು ನಿಂತರು. ಅದರಾಚೆಗೆ ಹೋಗಲೊಲ್ಲರು. ನಾನು ಸ್ಟೀರಿಂಗ್ ಹಿಡಿದುಕೊಂಡು ದಾರಿಯುದ್ದಕ್ಕೂ "ಉಪ್ಪು ಕಡಿಮೆ" ಹಾಡುವ ಸ್ಥಿತಿಗೆ ಬಂದೆ. ಕೊನೆಯ ಭಾನುವಾರ ಬಂದೇ ಬಿಟ್ಟಿತು. ಅವರ ಪೆಟ್ಟಿಗೆಗಳು ಕಟ್ಟಿದ್ದಾಗಿತ್ತು. ಬೀಳ್ಕೊಡುಗೆಗೆ ಎಲ್ಲರೂ ಒಂದೊಂದು ಅಡುಗೆ ತಂದಿದ್ದರು. ಆಂಟಿ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ತಂದು ತಾವೇ ಬಡಿಸಿದರು.

ಒಂದು ತುತ್ತು ಬಾಯಿಗಿಟ್ಟೆ. ಉಪ್ಪೆಂಬುದರ ಸುಳಿವಿಲ್ಲ. ಪಾಪ, ಊರಿಗೆ ಹೊರಡುವ ಗಡಿಬಿಡಿಯಲ್ಲಿ ಮರೆತಿದ್ದಾರೆ ಎಂದುಕೊಂಡು, "ಸೂಪರ್ ಆಂಟಿ" ಎಂದೆ.

"ಘಮಘಮ ಅಂತಿದೆ" ಎಂದರು ಮುಖಾರಿಯವರು. "ಮೈಸೂರಿನ ಕೈಯೇ ಬೇರೆ" ಎಂದು ಅಠಾಣದವರು ಎರಡನೇ ಸಲ ಹಾಕಿಸಿಕೊಂಡರು. ಭಜನೆಯ ಗಂಡಸರೂ ತಟ್ಟೆ ಖಾಲಿ ಮಾಡಿದರು. ಧಾರವಾಡದ ಅಜ್ಜಿ ಸಹ, "ಭಾಳ ಛಲೋ ಆಗೇದ" ಎಂದು ನೀರಿನ ಲೋಟಕ್ಕೆ ಕೈ ಚಾಚಿದರು.

ಆಂಟಿ ಯಾರ ಮಾತಿಗೂ ಹೂಂ ಎನ್ನಲಿಲ್ಲ. ಗಂಡನ ಎದುರಿಗೇ ನಿಂತಿದ್ದರು. ಅಂಕಲ್ ಒಂದು ಚಮಚ ತಿಂದರು. ಚಮಚ ಕೆಳಗಿಟ್ಟರು. ಎಡಗೈ ಮೇಜಿನ ಮೇಲೆ ತಟ್ಟತೊಡಗಿತು. ಸಹಾಯವಾಗಲಿ ಎಂದು ಮೆಲ್ಲಗೆ ಸ್ವರ ಎತ್ತಿಕೊಟ್ಟೆ. ಅವರು ಹುಬ್ಬು ಗಂಟಿಕ್ಕಿ, ಸುಮ್ಮನಿರು ಎಂಬಂತೆ ನನ್ನತ್ತ ಕೈ ಬೀಸಿ, ಹೆಂಡತಿಯ ಮುಖ ನೋಡಿದರು.

"ಉಪ್ಪೇ ಇಲ್ಲ."

ಹಾಡಲ್ಲ, ಮಾತು. ನಾನು ಕಲಿಸಿದ ಮಾತೂ ಅಲ್ಲ, ಅವರದೇ ಮಾತು. ಮಗ ಕುರ್ಚಿಯಿಂದ ಎದ್ದವನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕೈಚೀಲದಿಂದ ಉಪ್ಪಿನ ಡಬ್ಬಿ ತೆಗೆದು, ಗಂಡನ ತಟ್ಟೆಗೆ ಒಂದು ಚಿಟಿಕೆ ಉದುರಿಸಿದರು. ಮನೆಯಿಂದಲೇ ತಂದಿದ್ದರು!

ಅಠಾಣದವರು ಮೆಲ್ಲಗೆ ತಮ್ಮ ತಟ್ಟೆಯನ್ನೂ ಮುಂದಕ್ಕೆ ತಳ್ಳಿದರು. "ಹಾಗೇ ನನಗೂ ಸ್ವಲ್ಪ..." ಮುಖಾರಿಯವರ ತಟ್ಟೆಯೂ ಬಂತು, ಅಜ್ಜಿಯದೂ ಬಂತು. ನಾಚಿಕೆ ಬಿಟ್ಟು ನಾನೂ ಚಾಚಿದೆ.

ಆಂಟಿ ಡಬ್ಬಿ ಹಿಡಿದುಕೊಂಡು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು.

"ಇಷ್ಟು ದಿನ ಮಾತು ನಿಂತಿರೋದು ಇವರೊಬ್ಬರಿಗೇ ಅಂದ್ಕೊಂಡಿದ್ದೆ ಕಣ್ರೀ!"